ಕಾಂತಪ್ಪನವರು ಹೆಣವಾಗಿ ಮಲಗಿದ ದಿನ

ಮರಾಠಿ ಸೀಮೆಯ ಭೋಸರಿಯಲ್ಲಿ ಮುಚ್ಚಿದ ಕಾರ್ಖಾನೆಯೊಂದರ ಶೆಡ್ಡನ್ನು ಬಾಂಬು ಬಿದ್ದ ರಂಗೂನಿನ ನಾಟಕಗೃಹ ಮಾಡಿದ್ದರು. ಯುದ್ಧದಲ್ಲಿ ಸಿಕ್ಕಿಬಿದ್ದ ಗವಾಯಿಗಳ ಕತೆಯ ಸಿನೆಮಾ. ಅದರಲ್ಲಿ ಕಾಂತಪ್ಪನವರದು ಹೆಣದ ಪಾತ್ರ. ಯಾರೂ ಹೊರಿಸಿದ್ದಲ್ಲ, ತಾವೇ ದುಂಬಾಲು ಬಿದ್ದು ಪಡೆದದ್ದು.

ಕಾರಣ ಅವರ ಗುರು, ಧಾರವಾಡದ ಮಾರ್ತಾಂಡಬುವಾ. ಯಂತ್ರದ ಮುಂದೆ ಹಾಡುವುದಿಲ್ಲವೆಂದು ಹಟ ಹಿಡಿದ ಪುಣ್ಯಾತ್ಮ, ತಮ್ಮ ದನಿಯ ಒಂದು ತುಣುಕನ್ನೂ ಉಳಿಸದೆ ಹೋದರು. ಉಳಿದದ್ದು ಶಿಷ್ಯನ ಗಂಟಲಲ್ಲಿ. ಆ ಗಂಟಲಿಗೂ ಶಸ್ತ್ರಚಿಕಿತ್ಸೆಯಾಗಿ ದನಿ ಸೀಳಿಹೋಯಿತು. ಪಕ್ಕದ ಚಿಂಚವಾಡದ ಅವರ ಮನೆಗೆ ಹಾಡು ಕಲಿಯಲು ಬರುತ್ತಿದ್ದ ಮಕ್ಕಳು ಬೇರೆ ಮಾಸ್ತರರನ್ನು ಹುಡುಕಿಕೊಂಡರು. ಸಿನೆಮಾದವರು ಹಳೆಯ ಬಂದಿಶ್ ಒಂದನ್ನು, ರಾಗಕ್ಕೆ ಕಟ್ಟಿದ ಹಾಡನ್ನು, ಕೇಳಿಕೊಂಡು ಬಂದಾಗ ಕಾಂತಪ್ಪ ಗುರುಗಳದನ್ನೇ ಕೊಟ್ಟು ಒಂದೇ ಒಂದು ಷರತ್ತು ಹಾಕಿದರು: ಸಿನೆಮಾದ ನಾಯಕ ಹಾಡುವ ಮುಂಚೆ ಬುವಾ ಅವರ ಹೆಸರು ಹೇಳಬೇಕು. ಜನ ಒಮ್ಮೆಯಾದರೂ ಕೇಳಲಿ. ಆ ಹೊತ್ತಿಗೆ ತಾವೂ ಅಲ್ಲೇ ಇರಬೇಕೆಂಬುದು ಮುದುಕರ ಆಸೆ.

ಆಸೆಯೇ ಎಡವಟ್ಟು ಮಾಡಿತು. ನಾಯಕ ರಾಜೀವ ಕಣ್ತುಂಬಿಕೊಂಡು, "ಇದು ನನ್ನ ಗುರು ಮಾರ್ತಾಂಡಬುವಾ ಕೊಟ್ಟ ಬಂದಿಶ್" ಎಂದು ಹಿಂದಿಯಲ್ಲಿ ಹೇಳಿದ. ಅವನ ಕಾಲ ಬಳಿ ಬಿದ್ದಿದ್ದ ಹೆಣ ಕೈಯೆತ್ತಿ ಕಿವಿ ಮುಟ್ಟಿಕೊಂಡಿತು.

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಗುರುವಿನ ಹೆಸರು ಬಂದರೆ ಕಿವಿ ಮುಟ್ಟಿಕೊಳ್ಳುವುದು ಗವಾಯಿಗಳ ರೂಢಿ. ಚಿಕ್ಕಂದಿನಿಂದ ಆ ಕೈ ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ. ಮತ್ತೆ ಶಾಟ್ ತೆಗೆದರು, ಮತ್ತೆ ಎದ್ದಿತು. ಹಲ್ಲು ಕಚ್ಚಿ ಮಲಗಿದರೂ ಎದ್ದಿತು. ನಗು ಹೋಗಿ ಗೊಣಗಾಟ ಶುರುವಾಯಿತು.

ಸಹಾಯಕ ನಿರ್ದೇಶಕಿ ರೇಣು ಹುಬ್ಬಳ್ಳಿಯ ಹುಡುಗಿ. "ಕಾಕಾ, ಸಂಜೀಕ ಶೆಡ್ ಬಿಟ್ಟುಕೊಡಬೇಕ್ರಿ. ನಿನ್ನೆ ಶಾಟಿನ್ಯಾಗ ನಿಮ್ಮ ಮುಖಾ ಕಂಡದ, ಬ್ಯಾರೇದವ್ರನ್ನ ಮಲಗಸಾಕ ಬರೂದಿಲ್ಲ."

"ನನ್ನ ಕೈ ಕಟ್ಟಿಬಿಡವಾ," ಎಂದರು ಕಾಂತಪ್ಪ, ಒಡಕು ದನಿಯಲ್ಲಿ. "ಹಗ್ಗ ತಗೊಂಡ್ ಬಿಗಿ. ಬುವಾ ಹೆಸರು ಮಾತ್ರ ಬಿಡಬ್ಯಾಡ್ರಿ."

ಕಟ್ಟಿ, ಮೇಲೆ ಕಂಬಳಿ ಹೊದಿಸಿದರು. ರಾಜೀವ ಹೆಸರು ಹೇಳಿದ. ಕಂಬಳಿಯೊಳಗೆ ಕೈ ಜಗ್ಗಾಡಿತು, ಹೆಗಲು ಅಲುಗಿತು. ಮುಚ್ಚಿದ ರೆಪ್ಪೆಯಡಿಯಿಂದ ಕಣ್ಣೀರು ಕ್ಯಾಮರಾದ ಕಡೆಗೇ ಇಳಿಯಿತು.

ನಿರ್ದೇಶಕರು ರೇಣುವಿಗೆ ಮರಾಠಿಯಲ್ಲಿ ಎರಡು ಮಾತು ಹೇಳಿ ಮುಖ ತಿರುಗಿಸಿದರು. ಅವಳು ಬಂದು ಹಗ್ಗ ಬಿಚ್ಚಿದಳು.

"ಹೆಸರು ಬ್ಯಾಡಂತ್ರಿ ಕಾಕಾ. ಬರೇ ಗುರು ಅಂದ್ರ ಸಾಕಂತ."

"ಹಂಗಾರ ನಮ್ಮ ಬಂದಿಶ್ ವಾಪಸ್ ಕೊಡ್ರಿ."

"ಹಾಡು ರಿಕಾರ್ಡ್ ಆಗಿಬಿಟ್ಟದಲ್ರಿ," ಎಂದಳು ರೇಣು, ತಲೆ ತಗ್ಗಿಸಿ.

ಕಾಂತಪ್ಪನವರ ಎದೆ ಒಡೆಯಿತು. ಊರೆಲ್ಲ ಮರೆತ ಹೆಸರನ್ನು ಅಳಿಸಲು ಕೊನೆಗೆ ತಮ್ಮದೇ ಕೈ ಬೇಕಾಯಿತೇ? ಮಲಗಿದಲ್ಲೇ ಕಣ್ಣು ಮುಚ್ಚಿದರು.

"ಇದು ನನ್ನ ಗುರು ಕೊಟ್ಟ ಬಂದಿಶ್," ಎಂದ ರಾಜೀವ.

ಬಿಚ್ಚಿದ ಕೈ ನೆಲದ ಮೇಲೆ ಸುಮ್ಮನೆ ಬಿದ್ದಿತ್ತು. ಶಾಟ್ ಓಕೆ ಆಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು.