ಮೂವತ್ತೆರಡು ಡಿಗ್ರಿಯ ಪೆಟ್ಟಿಗೆ

ನಾನು ನಿವೃತ್ತನಾಗುವುದಕ್ಕೆ ಎರಡು ವರ್ಷ ಬಾಕಿ ಇದ್ದಾಗಿನ ಜನವರಿಯ ಮಾತು. ಅಹಮದಾಬಾದಿನ ನರೋಡಾದಲ್ಲಿ ಪ್ರಯೋಗಾಲಯಗಳಿಗೆ ಓವನ್, ಇನ್‌ಕ್ಯುಬೇಟರ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾನು ಕಂಟ್ರೋಲ್ ಪ್ಯಾನೆಲ್ ವಿಭಾಗದ ಹೆಡ್ ಮಿಸ್ತ್ರಿಯಾಗಿದ್ದೆ. ಹೆಸರು ಬಸಪ್ಪ, ಅಲ್ಲಿಯವರ ಬಾಯಲ್ಲಿ ಬಸುಭಾಯ್. ಹುಬ್ಬಳ್ಳಿಯಲ್ಲಿ ಏಳನೇ ಇಯತ್ತೆಗೇ ಶಾಲೆ ಬಿಟ್ಟು ಮೋಟಾರ್ ರಿವೈಂಡಿಂಗ್ ಅಂಗಡಿ ಸೇರಿದವನು ನಾನು. ಮೂವತ್ತೊಂದು ವರ್ಷದಲ್ಲಿ ನಾನು ವೈರಿಂಗ್ ಮಾಡಿದ ಒಂದೇ ಒಂದು ಓವನ್ ಗಿರಾಕಿಯಿಂದ ವಾಪಸ್ ಬಂದಿಲ್ಲ. ಇದನ್ನು ಜಂಬ ಎಂದುಕೊಳ್ಳುವವರು ಎಂದುಕೊಳ್ಳಲಿ.

ನನ್ನ ಕಸುಬನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಓವನ್ನಿನೊಳಗಿನ ಶಾಖ ಅಳೆಯುವ ಸಣ್ಣ ಕಡ್ಡಿಗೆ ಸೆನ್ಸರ್ ಎನ್ನುತ್ತಾರೆ. ಅದು ಕಳಿಸಿದ ಸಂಖ್ಯೆಯನ್ನು ನೋಡಿ ಹೀಟರನ್ನು ಹಚ್ಚುವುದು, ಆರಿಸುವುದು ಕಂಟ್ರೋಲರ್ ಕೆಲಸ. ಸೆನ್ಸರ್ ಎಲ್ಲಿ ಕೂರಬೇಕೋ ಅಲ್ಲಿ ಕೂರಿಸಿದರೆ ಮಿಸ್ತ್ರಿ ಗೆದ್ದ.

ನಮ್ಮ ಟೆಸ್ಟಿಂಗ್ ಇಂಜಿನಿಯರ್ ಕಾರ್ತಿಕ್ ಕನ್ನಡದವನೇ. ತಂದೆ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯೊಂದಕ್ಕೆ ವರ್ಗವಾಗಿ ಬಂದವರು. ಇವನು ಹುಟ್ಟಿ ಬೆಳೆದದ್ದೆಲ್ಲ ಅಹಮದಾಬಾದಿನಲ್ಲೇ. ಮನೆಯಲ್ಲಿ ಅಮ್ಮನೊಡನೆ ಆಡಿದಷ್ಟೇ ಕನ್ನಡ ಅವನಿಗೆ ಗೊತ್ತಿದ್ದದ್ದು. ನನ್ನ ಮಗನ ವಯಸ್ಸಿನವನು ನನ್ನನ್ನು ಏಕವಚನದಲ್ಲಿ ಕರೆಯುತ್ತಿದ್ದ. ಹಿಂದಿನ ವರ್ಷ ಅವನ ಡ್ರಾಯಿಂಗಿನಂತೆ ಬೇರೆಯವರು ಕಟ್ಟಿದ ಓವನ್ ಒಂದು ವಡೋದರಾದಲ್ಲಿ ಕೈಕೊಟ್ಟಿತ್ತು. ಸರಿಪಡಿಸಲು ಹೋದವನು ನಾನು. ಸೆನ್ಸರನ್ನು ಹೀಟರಿಗೆ ಅಂಟಿಸಿದಂತೆ ಕೂರಿಸಿದ್ದರು. ಡಿಸ್‌ಪ್ಲೇ 60 ಡಿಗ್ರಿ ಎನ್ನುತ್ತಿತ್ತು, ಕೆಳಗಿನ ಟ್ರೇ 49ರಲ್ಲಿತ್ತು. ಗಿರಾಕಿಯ ಜನ, ನಮ್ಮ ಮಾಲೀಕ ಶೇಠ್, ಕಾರ್ತಿಕ್ ಎಲ್ಲರೂ ನಿಂತಿರುವಾಗ ನಾನು ಹೇಳಿದೆ: "ಮೀಟರ್ ಓದಾಕ ಡಿಗ್ರಿ ಸಾಕು. ಸರಕು ಎಲ್ಲೈತಿ ಅಂತ ನೋಡಾಕ ತಲಿ ಬೇಕು." ಅಂದಿನಿಂದ ನಮ್ಮಿಬ್ಬರ ನಡುವೆ ಕೆಲಸದ ಮಾತು ಬಿಟ್ಟರೆ ಬೈಗುಳವಷ್ಟೇ ಉಳಿಯಿತು.

ಉತ್ತರಾಯಣದ ಗಾಳಿಪಟ ಹಬ್ಬ ಮುಗಿದ ವಾರ. ಪ್ಯಾಕಿಂಗ್ ಶೆಡ್ಡಿನ ದೊಡ್ಡ ಮರದ ಕ್ರೇಟಿನ ಮೇಲೆ ಬಸುರಿ ಬೆಕ್ಕೊಂದು ಠಿಕಾಣಿ ಹೂಡಿತ್ತು. ಪ್ಯಾಕಿಂಗ್ ನೋಡಿಕೊಳ್ಳುವ ಹಂಸಾಬೇನ್ ಅದಕ್ಕೆ ದಿನವೂ ತಮ್ಮ ಊಟದ ಡಬ್ಬಿಯ ರೊಟ್ಲಿ ಹಾಕುತ್ತಿದ್ದರು. ಆ ಕ್ರೇಟ್ ಸೂರತ್‌ಗೆ ಹೋಗಬೇಕಿತ್ತು. ಬೇರೆ ಕ್ರೇಟ್ ಕಳಿಸಿ, ಇದನ್ನು ಒಂದು ವಾರ ಬಿಡಿ ಎಂದೆ.

"ಟ್ರಕ್ ಬಂದು ನಿಂತಿದೆ," ಎಂದ ಕಾರ್ತಿಕ್. "ಬೆಕ್ಕಿನ ಹೆರಿಗೆ ಡೇಟ್ ಕೇಳ್ಕೊಂಡು ಡಿಸ್‌ಪ್ಯಾಚ್ ಮಾಡಕ್ಕಾಗುತ್ತಾ?"

ಫೋರ್ಕ್‌ಲಿಫ್ಟ್ ಕ್ರೇಟನ್ನು ಎತ್ತಿತು. ಬೆದರಿದ ಬೆಕ್ಕು ಮೇಲಿನಿಂದ ಹಾರಿ ಪಕ್ಕೆಯ ಮೇಲೆ ಬಿತ್ತು. ಸಂಜೆಯ ಹೊತ್ತಿಗೆ ಥರ್ಮೋಕೋಲ್ ರಾಶಿಯ ಹಿಂದೆ ದಿನ ತುಂಬದ ನಾಲ್ಕು ಮರಿ. ಮೂರು ಸತ್ತಿದ್ದವು. ತಾಯಿ ಕಾಂಪೌಂಡ್ ಹಾರಿ ಹೋದದ್ದು ಮತ್ತೆ ಬರಲೇ ಇಲ್ಲ. ನಾಲ್ಕನೆಯದು ಬಾಯಿ ತೆರೆಯುತ್ತಿತ್ತು, ದನಿ ಬರುತ್ತಿರಲಿಲ್ಲ. ಮೈಮೇಲೆ ಕೂದಲು ಇದ್ದೂ ಇಲ್ಲದಂತೆ, ಒಳಗಿನ ಕೆಂಪು ಚರ್ಮವೇ ಕಾಣುತ್ತಿತ್ತು. ನಮ್ಮ ತಕ್ಕಡಿಯಲ್ಲಿಟ್ಟರೆ 68 ಗ್ರಾಂ.

"ಇದು ಬದುಕಲ್ಲ. ಹೊರಗಿಟ್ಟು ಬಿಡು," ಎಂದ ಕಾರ್ತಿಕ್.

"ಮೂರನ್ನ ಕೊಂದವ ನೀ. ನಾಕನೇದಕ್ಕ ಸರ್ಟಿಫಿಕೇಟೂ ನೀನ ಕೊಡತೀ ಏನು?"

ಅವನ ಮುಖ ಕೆಂಪಾಯಿತು. "ಇದು ಬದುಕಿದ್ರೆ ಕ್ಯಾಂಟೀನಲ್ಲಿ ಎಲ್ಲರ ಮುಂದೆ ಸಾರಿ ಹೇಳ್ತೀನಿ. ಸತ್ರೆ ನೀನು ಬಾಯಿ ಮುಚ್ಕೊಂಡಿರ್ಬೇಕು."

"ಆತು," ಎಂದೆ.

ಮರಿಯನ್ನು ಅಂಗಿಯೊಳಗೆ ಎದೆಗೆ ಒತ್ತಿಕೊಂಡು ಆಟೋದಲ್ಲಿ ನವರಂಗಪುರದ ಪಶುವೈದ್ಯೆಯ ಬಳಿ ಹೋದೆ. ದಿನ ತುಂಬಿದ ಮರಿ ಸುಮಾರು ನೂರು ಗ್ರಾಂ ಇರುತ್ತದೆ, ಇಷ್ಟು ಚಿಕ್ಕದು ಉಳಿಯುವುದು ಕಷ್ಟ ಎಂದು ಆಕೆ ಮುಚ್ಚುಮರೆಯಿಲ್ಲದೆ ಹೇಳಿದರು. ನಂತರ ಹೇಳಿದ್ದು ನನ್ನ ಕಸುಬಿನ ಮಾತು: "ಮೊದಲು ಶಾಖ, ಆಮೇಲೆ ಹಾಲು. ಮೈ ತಣ್ಣಗಿದ್ದರೆ ಹೊಟ್ಟೆ ಕೆಲಸ ಮಾಡುವುದಿಲ್ಲ. ಆಗ ಕುಡಿಸಿದ ಹಾಲೇ ಕೊಲ್ಲುತ್ತದೆ." ಓವನ್ ಕೂಡ ಹಾಗೇ. ಒಳಗೆಲ್ಲ ಸಮನಾಗಿ ಕಾಯುವ ಮೊದಲು ಸರಕು ಇಡಬಾರದು. ಇದನ್ನು ನನಗೆ ಹೇಳಿಕೊಡಬೇಕೇ?

ದಪ್ಪ ಥರ್ಮೋಕೋಲಿನ ಪೆಟ್ಟಿಗೆ, ಒಂದು ಬದಿಗೆ ಚಿಕ್ಕ ಹೀಟಿಂಗ್ ಪ್ಯಾಡ್, ಹಳೆಯ ಓವನ್ನಿನಿಂದ ಬಿಚ್ಚಿದ ಕಂಟ್ರೋಲರ್, ಮರಿಯ ಪಕ್ಕದಲ್ಲೇ ಸೆನ್ಸರ್. 32 ಡಿಗ್ರಿಗೆ ಸೆಟ್ ಮಾಡಿದೆ. ಮರಿಯನ್ನು ಎರಡು ಗಂಟೆ ನಿಧಾನವಾಗಿ ಬೆಚ್ಚಗೆ ಮಾಡಿ, ಆಮೇಲೆ ಬೆಕ್ಕಿನ ಮರಿಗೆಂದೇ ಬರುವ ಹಾಲಿನ ಪುಡಿ ಕಲಸಿ, ಸೂಜಿ ತೆಗೆದ ಸಿರಿಂಜಿನಿಂದ ಹನಿ ಹನಿಯಾಗಿ ಕುಡಿಸಿದೆ. ಮರಿಯನ್ನು ಬೋರಲಾಗಿಯೇ ಹಿಡಿಯಬೇಕು. ಅಂಗಾತ ಹಿಡಿದರೆ ಹಾಲು ಪುಪ್ಪುಸಕ್ಕೆ ಹೋಗುತ್ತದೆ. ಪ್ರತಿ ಸಲ ಒದ್ದೆ ಹತ್ತಿಯಿಂದ ಹಿಂಭಾಗ ಒರೆಸಿ ಉಚ್ಚೆ ಹೊಯ್ಯಿಸಬೇಕು. ತಾಯಿ ನೆಕ್ಕಿ ಮಾಡಿಸುವ ಕೆಲಸ ಅದು. ಎರಡು ಗಂಟೆಗೊಮ್ಮೆ ಇದೇ ಸುತ್ತು. ಹಗಲು ಕಾರ್ಖಾನೆಯಲ್ಲಿ ಮೀಟರುಗಳನ್ನು ತಾಳೆ ನೋಡುವ ಕ್ಯಾಲಿಬ್ರೇಷನ್ ರೂಮಿನಲ್ಲಿ, ಸಂಜೆಗೆ ಪೆಟ್ಟಿಗೆ ನನ್ನೊಡನೆ ಮನೆಗೆ.

ಅಲಾರಂ ಇಟ್ಟುಕೊಂಡು ಏಳುವುದನ್ನು ನೋಡಿ ಹೆಂಡತಿ ಗಿರಿಜಾ ಬಿಡಲಿಲ್ಲ. "ನಮ್ಮ ಎರಡೂ ಹುಡುಗ್ರು ಅತ್ತಾಗ ಒಂದ್ ದಿನಾ ಮಗ್ಗಲಾ ಬದಲಿಸಿದ್ದಿಲ್ರಿ ನೀವು. ಆ ಇಂಜಿನಿಯರನ ಮ್ಯಾಲಿನ ಸಿಟ್ಟಿಗೆ ಬೆಕ್ಕಿನ ಬಾಣಂತನ ಮಾಡಾಕತ್ತೀರಿ." ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಮರುದಿನ 70 ಗ್ರಾಂ, ಅದರ ಮರುದಿನ 74. ನಾನು ತೂಕದ ಚೀಟಿಯನ್ನು ಕಾರ್ತಿಕ್‌ನ ಮೇಜಿನ ಎದುರಿಗೇ ಅಂಟಿಸಿದೆ. ಅದೇ ದಿನ ಹಂಸಾಬೇನ್ ಒಂದು ಬಟ್ಟಲು ಹಸುವಿನ ಹಾಲಿಗೆ ಸಕ್ಕರೆ ಬೆರೆಸಿ ತಂದರು. ನಾನು ಗದರಿದೆ: "ಬೇನ್, ಇದು ದೇವರ ಪ್ರಸಾದವಲ್ಲ, ಭೇದಿಯಾಗಿ ಸಾಯುತ್ತದೆ." ಆಕೆ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದರು.

ನಾಲ್ಕನೆಯ ದಿನ ತೂಕ 73. ಐದನೆಯ ದಿನ 69. ಮರಿ ಸಿರಿಂಜ್ ಹಿಡಿಯಲೊಲ್ಲದು. ಕುಡಿಸಿದ ಹಾಲು ಹೊಟ್ಟೆಯಲ್ಲಿ ಕಲ್ಲಿನಂತೆ ನಿಂತಿತ್ತು. ಡಿಸ್‌ಪ್ಲೇ ನೋಡಿದೆ: 32.0, ಕದಲಿಲ್ಲ. ನನ್ನ ಪೆಟ್ಟಿಗೆ ಸರಿಯಾಗಿದ್ದ ಮೇಲೆ ತಪ್ಪು ಬೇರೆಯವರದೇ ಇರಬೇಕಲ್ಲ? ಮಧ್ಯಾಹ್ನ ಊಟದ ಹೊತ್ತಿನಲ್ಲಿ ಇಡೀ ಕ್ಯಾಂಟೀನಿನ ಎದುರು ಹಂಸಾಬೇನ್ ಮೇಲೆ ಕೂಗಾಡಿದೆ. ನಾನಿಲ್ಲದಾಗ ಕದ್ದು ಹಸುವಿನ ಹಾಲು ಕುಡಿಸಿದ್ದೀರಿ, ಪುಣ್ಯ ಕಟ್ಟಿಕೊಳ್ಳಲು ಹೋಗಿ ಕೊಲ್ಲುತ್ತಿದ್ದೀರಿ ಎಂದೆ.

"ಬಸುಭಾಯ್, ನಾನು ಆ ರೂಮಿನ ಹೊಸ್ತಿಲೂ ದಾಟಿಲ್ಲ," ಎಂದರು ಆಕೆ. ಕಣ್ಣಲ್ಲಿ ನೀರಿತ್ತು. ನಾನು ನಂಬಲಿಲ್ಲ.

ನಾನು ಕ್ಯಾಲಿಬ್ರೇಷನ್ ರೂಮಿಗೆ ವಾಪಸ್ ಬಂದಾಗ ಕಾರ್ತಿಕ್ ಹಿಂದೆಯೇ ಬಂದ. ಅವನ ಹಿಂದೆ ನಾಲ್ಕೈದು ಜನ, ಬಾಗಿಲಲ್ಲಿ ಹಂಸಾಬೇನ್. ಅವನ ಕೈಯಲ್ಲಿ ಟೆಸ್ಟಿಂಗಿನ ಥರ್ಮಾಮೀಟರ್ ಇತ್ತು. ಸಹಾಯಕ್ಕೆ ಬಂದವನ ಮುಖವಾಗಿರಲಿಲ್ಲ ಅದು. ನನ್ನ ತಪ್ಪು ಹಿಡಿಯಲು ಬಂದಿದ್ದ. ಕೇಳದೆಯೇ ಮುಚ್ಚಳ ತೆಗೆದು ಥರ್ಮಾಮೀಟರಿನ ತುದಿಯನ್ನು ಮರಿಯ ಹೊಟ್ಟೆಯ ಬಳಿ ಇಟ್ಟು ಕಾದ.

27.4.

"ಸೆನ್ಸರ್ ಎಲ್ಲಿದೆ, ಬಸುಭಾಯ್?"

ಎಲ್ಲಿದೆ ಎಂದು ನನಗೆ ಆಗ ನೆನಪಾಯಿತು. ಮೂರನೆಯ ದಿನ ಅದರ ವೈರು ಮರಿಯ ಕಾಲಿಗೆ ಸುತ್ತಿಕೊಂಡಿತ್ತು. ಆಮೇಲೆ ಸರಿಮಾಡಿದರಾಯಿತೆಂದು ತೆಗೆದು ಪೆಟ್ಟಿಗೆಯ ಒಳಗೋಡೆಗೆ ಕ್ಲಿಪ್ ಹಾಕಿದ್ದೆ. ಆ ಗೋಡೆಗೆ ಒರಗಿಯೇ ಹೀಟಿಂಗ್ ಪ್ಯಾಡ್ ಇತ್ತು. ಪ್ಯಾಡಿನ ಬುಡ ಕಾದೊಡನೆ ಕಂಟ್ರೋಲರ್ ಹೀಟರನ್ನು ಆರಿಸುತ್ತಿತ್ತು. ಎರಡು ಗೇಣು ಆಚೆ ಮರಿ ತಣ್ಣಗಾಗುತ್ತಿತ್ತು. ದಿನ ತುಂಬಿದ ಮರಿಯಾದರೆ ಶಾಖದ ಕಡೆಗೆ ತೆವಳಿಕೊಂಡು ಹೋಗುತ್ತದೆ. ಇದಕ್ಕೆ ತೆವಳುವ ತ್ರಾಣವಿರಲಿಲ್ಲ. ತಣ್ಣನೆಯ ಹೊಟ್ಟೆಗೆ ಎರಡು ಗಂಟೆಗೊಮ್ಮೆ ಹಾಲು ಸುರಿಯುತ್ತಿದ್ದವನು ನಾನೇ.

"ಸರಕು ಎಲ್ಲಿದೆ ಅಂತ ನೋಡಕ್ಕೆ ಏನು ಬೇಕು ಅಂದಿದ್ದೆ ವಡೋದರಾದಲ್ಲಿ?" ಎಂದು ಕೇಳಿ ಕಾರ್ತಿಕ್ ಹೊರಟುಹೋದ. ಹಂಸಾಬೇನ್ ಬಾಗಿಲಿನಿಂದಲೇ ತಿರುಗಿ ಹೋದರು.

ಸೆನ್ಸರನ್ನು ಮರಿಯ ಮಗ್ಗುಲಿಗೆ ತಂದು ವೈರನ್ನು ಬಟ್ಟೆಯಡಿ ಹೊಲಿದೆ. ಹಾಲು ನಿಲ್ಲಿಸಿ ಮೂರು ಗಂಟೆ ಮೈ ಕಾಯಿಸಿದೆ. ಅಷ್ಟೂ ಹೊತ್ತು ಬೆರಳ ತುದಿಯಿಂದ ಹೊಟ್ಟೆ ನೀವುತ್ತಾ ಕೂತೆ. ಸಂಜೆ ಹೊಟ್ಟೆ ಸಡಿಲವಾಯಿತು, ಮರಿ ಸಿರಿಂಜ್ ಹಿಡಿಯಿತು. ಮರುದಿನ 70. ಹದಿಮೂರನೆಯ ದಿನ ನೂರು ದಾಟಿತು. ಅದಾದ ಮೇಲೆ ಕಣ್ಣು ಬಿಟ್ಟಿತು. ಕಣ್ಣು ಕಂಡೊಡನೆ ನನ್ನನ್ನು ನೋಡಿ ಹಿಸ್ ಎಂದಿತು. ಒದ್ದೆ ಹತ್ತಿ ಹಿಡಿದು ಬರುವವನ ವಾಸನೆ ಅದಕ್ಕೆ ಚೆನ್ನಾಗಿ ಗೊತ್ತಿತ್ತು.

ಮರಿ ತಾನಾಗಿ ತಟ್ಟೆಯಿಂದ ನೆಕ್ಕಲು ಕಲಿತ ವಾರ ಕಾರ್ತಿಕ್ ಕ್ಯಾಂಟೀನಿನಲ್ಲಿ ಎದ್ದುನಿಂತ. ಎಲ್ಲರಿಗೂ ತಿಳಿಯಲೆಂದು ಹಿಂದಿಯಲ್ಲೇ ಹೇಳಿದ: "ಕ್ರೇಟ್ ಎತ್ತಿಸಿದ್ದು ನನ್ನ ತಪ್ಪು. ಸಾರಿ." ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಎಲ್ಲರೂ ಇದ್ದಾರೆ. ನಿಂದು ಏನಾದ್ರೂ ಇದೆಯಾ?" ಎಂದು ಕೂತ.

ಇತ್ತು. ಒಂದು ತಿಂಗಳಿನಿಂದ ನುಂಗಿಕೊಂಡಿದ್ದೆ. ಹಂಸಾಬೇನ್‌ಗೆ ದಾರಿಯಲ್ಲಿ ಎದುರಾಗದಂತೆ ಶೆಡ್ ಸುತ್ತಿ ಹೋಗುತ್ತಿದ್ದೆ. ಎದ್ದುನಿಂತೆ. "ಬೇನ್, ಸುಳ್ಳು ಆರೋಪ ಹೊರಿಸಿದೆ. ತಪ್ಪು ನನ್ನ ಪೆಟ್ಟಿಗೆಯದು. ನನ್ನದು," ಎಂದೆ.

ಆಕೆ ರೊಟ್ಲಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ಕ್ಷಮೆಯ ಮಾತು ಆಮೇಲೆ. ಮರಿ ಇವತ್ತೇ ನನ್ನ ಮನೆಗೆ ಬರುತ್ತದೆ. ನೀವು ನೋಡಲು ಬರುವ ಅಗತ್ಯವಿಲ್ಲ."

ಕೊಟ್ಟೆ. ಪೆಟ್ಟಿಗೆ ಖಾಲಿಯಾಗಿ ಮನೆಗೆ ಬಂದಾಗ ಗಿರಿಜಾ ಅದನ್ನು ಅಟ್ಟಕ್ಕೆ ಏರಿಸಿದಳು.

ಕಸುಬು ಕಲಿಸಿದ್ದು ಇಷ್ಟು. ಡಿಸ್‌ಪ್ಲೇ ತೋರಿಸುವುದು ಸೆನ್ಸರ್ ಕೂತ ಜಾಗದ ಶಾಖವನ್ನು ಮಾತ್ರ, ಮತ್ತು ನನ್ನ ಸೆನ್ಸರ್ ಎಷ್ಟೋ ವರ್ಷ ನನ್ನ ಪಕ್ಕದಲ್ಲೇ ಕೂತಿತ್ತು. ನನ್ನನ್ನು ಮೆಚ್ಚುವವರು ಯಾರೂ ಆ ಪೆಟ್ಟಿಗೆಯೊಳಗೆ ಕೈ ಹಾಕಿ ನೋಡಿರಲಿಲ್ಲ. ಆಗದವನು ನೋಡಿದ. ಅದಕ್ಕೇ ಉಳಿದ ಎರಡು ವರ್ಷ ನಾನು ಕಟ್ಟಿದ ಪ್ರತಿ ಪ್ಯಾನೆಲನ್ನೂ ಮೊದಲು ಕಾರ್ತಿಕ್‌ನ ಮೇಜಿಗೇ ಕಳಿಸಿದೆ. ನನ್ನ ಕೊನೆಯ ಓವನ್ನಿನಲ್ಲಿ ಅವನು ಮೂರು ತಪ್ಪು ಬರೆದುಕೊಟ್ಟ. ಎರಡನ್ನು ತಿದ್ದಿದೆ. ಮೂರನೆಯದು ತಪ್ಪೇ ಅಲ್ಲ; ಬೇಕಾದರೆ ಇವತ್ತೂ ಅವನ ಎದುರು ನಿಂತು ಹೇಳುತ್ತೇನೆ.