ಹುಣಸೆ ರಾಶಿಯ ಮುಂದೆ ಕೂತವರು

ಮೊನ್ನೆ ಹೊಸದುರ್ಗದ ಸಂತೆಯಲ್ಲಿ ಹೊಸ ಹುಣಸೆಹಣ್ಣಿನ ರಾಶಿಯೆದುರು ನಿಂತುಬಿಟ್ಟೆ. ಬಿಸಿಲಿಗೆ ವಾಸನೆ ಮೇಲೆದ್ದಿತ್ತು. ಹುಳಿ, ಅದರೊಳಗೆ ಸ್ವಲ್ಪ ಬೆಲ್ಲದಂಥ ಸಿಹಿ... ನಮ್ಮ ಮೇಡಂ ನೆನಪಾದರು.

ಚಿತ್ರದುರ್ಗದಲ್ಲಿ ನಾನು ಎಂ.ಎ. ಓದುವಾಗ ಅವರು ನಮಗೆ ರಾಜ್ಯಶಾಸ್ತ್ರ ಕಲಿಸುತ್ತಿದ್ದರು. ಹಾಸ್ಟೆಲ್ ಮೆಸ್ಸಿನ ಉಸ್ತುವಾರಿಯೂ ಅವರದೇ. ಆ ವರ್ಷ ವಿಚಾರ ಸಂಕಿರಣಕ್ಕೆ ಯಾರನ್ನು ಕರೆಸಬೇಕು ಎಂಬುದಕ್ಕೆ ವಿದ್ಯಾರ್ಥಿಗಳು ಎರಡು ಪಂಗಡವಾದರು. ಹೆಗಲ ಮೇಲೆ ಎರಡು ಬಣ್ಣದ ಶಾಲುಗಳು ಬಂದವು. ಒಂದು ಬೆಳಿಗ್ಗೆ ಗೇಟಿನ ಬಳಿ ಕೂಗಾಟ ನಡೆದಾಗ ನಾನು ಅಲ್ಲೇ ಇದ್ದೆ. ಒಂದು ಕಲ್ಲು ಬಂತು. ನನ್ನ ಸಹಪಾಠಿ, ಮತ್ತೋಡು ಊರಿನವನು, ಹಣೆಯ ಪಕ್ಕ ಕೈಯಿಟ್ಟುಕೊಂಡು ಕುಸಿದ. ಬೆರಳ ಸಂದಿಯಿಂದ ರಕ್ತ ಇಳಿದು ನನ್ನ ಚಪ್ಪಲಿಯ ಮೇಲೆ ಬಿತ್ತು. ನಾನು ಕಂಡದ್ದು ಇಷ್ಟೆ. ಎಸೆದ ಕೈ ಕಾಣಲಿಲ್ಲ.

ಸಂಜೆಯೊಳಗೆ ಎಲ್ಲರ ಮೊಬೈಲಿನಲ್ಲೂ ಒಂದು ವಿಡಿಯೊ ಇತ್ತು. ಮತ್ತೋಡಿನವನ ಎದುರು ಪಂಗಡದ ಹುಡುಗ, ಹರಿಯಬ್ಬೆ ಊರಿನವನು, ಕೈ ಎತ್ತುತ್ತಾನೆ. ಅಲ್ಲಿಗೆ ವಿಡಿಯೊ ಮುಗಿಯುತ್ತದೆ. ಹೊಡೆದವನು ಅವನೇ ಎಂದು ಮತ್ತೋಡಿನವ ದೂರು ಕೊಟ್ಟ. ಹರಿಯಬ್ಬೆಯವನನ್ನು ಹಾಸ್ಟೆಲಿನಿಂದ ತೆಗೆಯುವುದು ಹೆಚ್ಚುಕಡಿಮೆ ಖಚಿತವಾಗಿತ್ತು. ಅಪ್ಪ ಅವ್ವ ಕೂಲಿಯವರು. ಹಾಸ್ಟೆಲ್ ಹೋದರೆ ಅವನ ಓದೂ ಹೋದಂತೆ.

"ನೀನ್ ಅಲ್ಲೇ ಇದ್ದೆಲ್ಲ, ಹೇಳಲೇ" ಎಂದು ಎರಡೂ ಕಡೆಯವರು ನನ್ನನ್ನು ಹಿಡಿದರು. ಕಾಣಲಿಲ್ಲ ಎಂದರೆ ಎರಡೂ ಕಡೆಯವರಿಗೆ ಸಿಟ್ಟು.

ವಿಚಾರಣೆಗೆ ಮೊದಲು ಮೇಡಂ ಪ್ರಿನ್ಸಿಪಾಲರಿಂದ ಒಂದು ವಾರ ಕೇಳಿ ಪಡೆದರು. ಹಾಸ್ಟೆಲ್ ಹಿಂದಿನ ಮರಗಳ ಹುಣಸೆಯನ್ನು ಉದುರಿಸಿ ರಾಶಿ ಹಾಕಿದ್ದರು. ಊಟವಾದ ಮೇಲೆ ನಮ್ಮ ಮೂವರನ್ನೂ ವರಾಂಡದಲ್ಲಿ ಅದರ ಸುತ್ತ ಕೂರಿಸಿ, ತಾವೂ ಸೆರಗು ಸಿಕ್ಕಿಸಿ ಕೂತರು.

"ಶಿಕ್ಷೆನಾ ಮೇಡಂ?" ಎಂದ ಮತ್ತೋಡಿನವ.

"ಸಾರು ಬ್ಯಾಡ್ವೇನಪ್ಪ ನಿಂಗೆ? ಬಿಡಿಸು."

ಸಿಪ್ಪೆ, ನಾರು, ಬೀಜ. ಸ್ವಲ್ಪ ಹೊತ್ತಿಗೇ ಕಲ್ಲಿನ ಮಾತು ಬಂತು. "ತೋರುಸ್ತೀನಿ ಇರ್ರಿ" ಎಂದು ಮತ್ತೋಡಿನವ ಮೊಬೈಲಿಗೆ ಕೈಹಾಕಲು ಹೋದ. ಮಣಿಕಟ್ಟಿನವರೆಗೂ ಅಂಟು. ಜೇಬಿನ ಬಾಯಿಗೆಲ್ಲ ಹುಣಸೆ ಮೆತ್ತಿಕೊಂಡಿತು.

"ಹಂಗೇ ಬಿಸಿನೀರಿಗೆ ಇಳಿಯಲೇ, ಪ್ಯಾಂಟಲ್ಲೇ ಸಾರು ಆಗ್ತೈತೆ" ಎಂದ ಹರಿಯಬ್ಬೆಯವ.

"ಮೊದ್ಲು ನಿಮ್ ಕಡೆಯೋರಿಗೇ ಬಡಿಸ್ತೀನಿ ಬಾ."

ಮೇಡಂ ನಗಲಿಲ್ಲ. "ಮೊಬೈಲ್ ಕಂಡಿದ್ದು ಆಮ್ಯಾಲೆ ನೋಡಾಣ. ನೀ ಕಂಡಿದ್ದೇನು?" ಎಂದರು. ಪಾಟೀಸವಾಲಿನ ಧಾಟಿ ಅದಲ್ಲ. ನಿಜವಾಗಿಯೂ ತಿಳಿಯಬೇಕಾಗಿದೆ ಎಂಬಂತೆ ತಲೆ ವಾಲಿಸಿ ಕಾಯುತ್ತಿದ್ದರು. ಹರಿಯಬ್ಬೆಯವನನ್ನೂ ಹಾಗೇ ಕೇಳಿದರು, ಕೈ ಯಾಕೆ ಎತ್ತಿದೆ ಎಂದು.

"ನಮ್ಮೋರ್ನ ಹಿಂದಕ್ಕೆ ಬರ್ರಿ ಅಂತ ಕರೆಯಾಕೆ."

"ಸುಳ್ಳು" ಎಂದ ಮತ್ತೋಡಿನವ.

"ಇರಬೌದು. ನಿಂಗೆ ಹೆಂಗೆ ಗೊತ್ತಾತು?"

ಅವನು ಇನ್ನೊಂದು ಹಣ್ಣು ಎತ್ತಿಕೊಂಡು ಸಿಪ್ಪೆ ಬಿಡಿಸತೊಡಗಿದ.

ಮರುದಿನ, ಅದರ ಮರುದಿನ ಮಾತು ಬೇರೆ ಕಡೆಗೆಲ್ಲ ಹೋಯಿತು. ಜೋರು ಜಗಳವೇ ಆಯಿತು. ಒಮ್ಮೆ ಮತ್ತೋಡಿನವ ತಾನಾಗಿಯೇ, "ನೀ ಆ ಶಾಲು ಹಾಕ್ಕಳಂಗೆ ನಿಮ್ಮೂರಾಗೆ ಅಂಥದ್ದೇನಾಗಿತ್ತಲೇ?" ಎಂದು ಕೇಳಿಬಿಟ್ಟ. ತನ್ನ ಅಪ್ಪ ಹೋಟೆಲಿನ ಹೊರಗೇ ನಿಂತು ಟೀ ಕುಡಿಯುತ್ತಿದ್ದುದನ್ನು ಹರಿಯಬ್ಬೆಯವ ಹೇಳಿದ. ತನ್ನನ್ನು ಬದುಕಿನಲ್ಲಿ ಮೊದಲ ಸಲ ಹೆಸರು ಹಿಡಿದು ವೇದಿಕೆಗೆ ಕರೆದವರು ತನ್ನ ಪಂಗಡದವರು ಎಂದು ಮತ್ತೋಡಿನವ ಹೇಳಿದ. ಯಾರೂ ಪಕ್ಷ ಬದಲಿಸಲಿಲ್ಲ.

ವಿಚಾರಣೆಯಲ್ಲಿ ಮತ್ತೋಡಿನವ ತಲೆಗೆ ಪಟ್ಟಿ ಕಟ್ಟಿಕೊಂಡೇ ಎದ್ದು ನಿಂತ. "ನಾನು ಬೇರೆ ಕಡೆ ಮುಖ ಮಾಡಿ ಕೂಗ್ತಿದ್ದೆ ಸಾರ್. ಹೊಡೆದೋರ್ನ ನೋಡಿಲ್ಲ. ವಿಡಿಯೊ ನೋಡಿ ದೂರು ಕೊಟ್ಟೆ." ನಾನೂ ಕಂಡಷ್ಟನ್ನೇ ಹೇಳಿದೆ. ಹರಿಯಬ್ಬೆಯವನ ಸೀಟು ಉಳಿಯಿತು. ಮತ್ತೋಡಿನವನ ಜೊತೆ ಅವನ ಪಂಗಡದವರೇ ಪರೀಕ್ಷೆ ಮುಗಿಯುವ ತನಕ ಮಾತಾಡಲಿಲ್ಲ. ಕಲ್ಲು ಯಾರದೋ, ಇವತ್ತಿಗೂ ಗೊತ್ತಿಲ್ಲ.

ಈಗ ನಾನು ಹೊಳಲ್ಕೆರೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಮೇಡಂ ಹೋದ ವರ್ಷ ತೀರಿಕೊಂಡರು. ಫೋನ್ ಮಾಡಿ ಸುದ್ದಿ ತಿಳಿಸಿದ್ದು ಮತ್ತೋಡಿನವ. ಅವನಿಗೆ ತಿಳಿಸಿದ್ದು ಹರಿಯಬ್ಬೆಯವ.

"ಈಗ್ಲೂ ಕಿತ್ತಾಡ್ತೀರೇನೋ?" ಎಂದೆ.

"ಎಲೆಕ್ಷನ್ ಬಂದ್ರೆ ಮಾತೇ ಬಿಡ್ತೀವಿ. ಮುಗುದ್ ಮ್ಯಾಲೆ ಯಾರಾದ್ರೂ ಒಬ್ರು ಫೋನ್ ಮಾಡ್ತೀವಿ."

"ಮೇಡಂ ಯಾವ ಕಡೆಯೋರಿದ್ರು?"

"ನಮ್ ಕಡೆ ಅಂದ್ಕಂಡಿದ್ದೆ. ಅವ್ನು ತಮ್ ಕಡೆ ಅಂತಾನೆ."

ಫೋನಿಟ್ಟ ಮೇಲೆ ಯೋಚಿಸಿದೆ. ಆ ವಾರವೆಲ್ಲ ಅವರು ನಮ್ಮನ್ನು ಎಷ್ಟೊಂದು ಕೇಳಿದರು. ನಮ್ಮ ಮೂವರಲ್ಲಿ ಒಬ್ಬರೂ ಅವರನ್ನು ಏನೂ ಕೇಳಿರಲಿಲ್ಲ.