ನಮ್ಮ ಠರಾವು, ಅವ್ವಿಯ ಬಂಗಡೆ

ಹೊನ್ನಾವರದ ನಮ್ಮ ಹೈಸ್ಕೂಲಿನಲ್ಲಿ ಮಕ್ಕಳದೇ ಒಂದು ಮಂತ್ರಿಮಂಡಳವಿತ್ತು. ಪ್ರಧಾನಮಂತ್ರಿ, ಶಿಕ್ಷಣಮಂತ್ರಿ, ಕ್ರೀಡಾಮಂತ್ರಿ ಎಲ್ಲರೂ ಹುಡುಗರೇ. ಹುಡುಗಿಯರ ಪಾಲಿಗೆ ಉಳಿಯುತ್ತಿದ್ದುದು ಸ್ವಚ್ಛತಾ ಮಂತ್ರಿಯ ಸ್ಥಾನ ಒಂದೇ. ಮನೆಯಲ್ಲೂ ಕಸಬರಿಗೆ, ಸರಕಾರದಲ್ಲೂ ಕಸಬರಿಗೆ. ಒಂಬತ್ತನೇ ಇಯತ್ತೆಯಲ್ಲಿ ಆ ಖಾತೆ ನನ್ನ ಕೈಗೆ ಬಂದಾಗ ಸಿಟ್ಟು ಬಂದಿತ್ತು, ಆದರೂ ಬಿಡಲಿಲ್ಲ. ಸಭೆಯಲ್ಲಿ ಎದ್ದುನಿಂತು ಮಾತಾಡುವ ಹಕ್ಕಾದರೂ ಸಿಕ್ಕಿತಲ್ಲ ಎಂದುಕೊಂಡೆ.

ಆ ವರ್ಷ ಹೆಡ್‌ಮಾಸ್ತರರು ಹೊಸದೊಂದು ಯೋಜನೆ ತಂದರು. ಕುಮಟೆಯ ಹೈಸ್ಕೂಲಿನ ಕೆಲವು ಮಕ್ಕಳು ಒಂದು ವಾರ ನಮ್ಮ ಶಾಲೆಯಲ್ಲಿ ಕಲಿಯುವುದು, ಆಮೇಲೆ ನಾವು ಒಂದು ವಾರ ಅಲ್ಲಿಗೆ ಹೋಗುವುದು. ಇಳಿದುಕೊಳ್ಳುವುದು ಒಬ್ಬರ ಮನೆಯಲ್ಲಿ ಇನ್ನೊಬ್ಬರು. ಯಾರನ್ನು ಯಾರ ಮನೆಗೆ ಕಳಿಸಬೇಕೆಂದು ಚರ್ಚೆ ಬಂದಾಗ, ಜಾತಿ ನೋಡಿಯೇ ಜೋಡಿ ಮಾಡೋಣ, ಊಟದ ರಗಳೆ ಇರುವುದಿಲ್ಲ ಎಂದು ಪ್ರಧಾನಮಂತ್ರಿಗಳು ಅಪ್ಪಣೆ ಕೊಡಿಸಿದರು. ನನಗೆ ಮೈ ಉರಿದುಹೋಯಿತು. ಚೀಟಿ ಎತ್ತಿ ಜೋಡಿ ಮಾಡಬೇಕು, ಬಂದವರ ಜಾತಿಯನ್ನು ಯಾರೂ ಕೇಳಬಾರದು, ತಮ್ಮದನ್ನು ಹೇಳಲೂಬಾರದು ಎಂದು ಇಡೀ ಶಾಲೆಯ ಸಭೆಯ ಮುಂದೆ ಠರಾವು ಮಂಡಿಸಿದೆ. ಹುಡುಗಿಯರೆಲ್ಲ ಕೈ ಎತ್ತಿದರು, ಅವರನ್ನು ನೋಡಿ ನಾಚಿಕೊಂಡ ಹುಡುಗರೂ ಎತ್ತಿದರು. ಆ ಠರಾವು ಸರಿಯಾಗಿತ್ತೆಂದು ಇವತ್ತಿಗೂ ನಾನು ಜಗಳವಾಡಬಲ್ಲೆ. ನನ್ನ ವ್ಯಥೆ ಬೇರೆಯದು.

ಅಪ್ಪ ಶರಾವತಿಯ ತಾರಿಯಲ್ಲಿ ಹೊಳೆ ದಾಟಿಸುವ ದೋಣಿ ನಡೆಸುತ್ತಿದ್ದ. ಅವ್ವಿ ಮೀನಿನ ಬುಟ್ಟಿ ಹೊತ್ತು ಕರ್ಕಿಯವರೆಗೂ ಮಾರಲು ಹೋಗುತ್ತಿದ್ದಳು. ಅವಳಿಗೆ ಓದುಬರಹ ಇರಲಿಲ್ಲ, ಮೈಮೇಲೆ ಬಂಗಾರ ಇರಲಿಲ್ಲ. ಅವಳ ಹೆಮ್ಮೆಯೆಲ್ಲ ಇದ್ದದ್ದು ನಾಲಿಗೆ ಜುಮ್ಮೆನಿಸುವ ಜುಮ್ಮನಕಾಯಿ ಜಜ್ಜಿ ಹಾಕಿದ ಬಂಗಡೆ ಸಾರಿನಲ್ಲಿ. ನಮ್ಮ ಮನೆಗೆ ಬಂದವರು ಅದನ್ನು ಉಂಡು, ಹೊರಡುವಾಗ ಅದರ ಮಾತೆತ್ತದೆ ಹೋದರೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಕುಮಟೆಯಿಂದ ಹುಡುಗಿಯೊಬ್ಬಳು ಉಳಿಯಲು ಬರುತ್ತಾಳೆ ಎಂದಾಗ ಅವಳು ಕೇಳಿದ್ದೂ ಅದನ್ನೇ.

"ಮೀನು ತಿಂಬೋರೋ, ಅಲ್ಲೋ?"

"ಅದೆಲ್ಲ ಕೇಳೂಕಾಗ ಅವ್ವಿ. ಠರಾವು ಆಗೀದು."

ನಮ್ಮ ಕಡೆ ಮೀನು ತಿನ್ನುತ್ತೀರಾ ಎಂದು ಕೇಳಿದರೆ ಅರ್ಧ ಜಾತಿ ಕೇಳಿದಂತೆಯೇ. ಅವ್ವಿ ಯೋಚಿಸಿದಳು. ತಿನ್ನುವವಳಾದರೆ ಒಂದು ವಾರ ಮೀನಿಲ್ಲದೆ ಸಾಯುವುದಿಲ್ಲ. ತಿನ್ನದವಳಾದರೆ ವಾಸನೆಗೇ ಎದ್ದು ಹೋದಾಳು, ಮಗಳ ಮರ್ಯಾದೆ ಮೂರಾಬಟ್ಟೆ. ಮೀನಿನ ಮಡಕೆ, ಬುಟ್ಟಿ, ಒಣಮೀನಿನ ಗಂಟು ಎಲ್ಲವೂ ಪಕ್ಕದ ಮನೆ ಸೇರಿದವು. ವ್ಯಾಪಾರ ಮುಗಿಸಿ ಬಂದ ಅವ್ವಿ ಅಲ್ಲಿಯೇ ಮಿಂದು, ಸೀರೆ ಬದಲಿಸಿ ಒಳಗೆ ಬರುತ್ತಿದ್ದಳು.

ಹುಡುಗಿ ಬಂದಳು. ಮಿತಮಾತಿನವಳು, ನಕ್ಕರೆ ಮಾತ್ರ ಮನೆ ತುಂಬುವಂತೆ ನಗುವವಳು. ಅವ್ವಿಗೆ ತರಕಾರಿ ಅಡುಗೆಯಲ್ಲಿ ಬರುತ್ತಿದ್ದುದು ಸೌತೆಕಾಯಿ ಹುಳಿ ಒಂದೇ, ವಾರವಿಡೀ ಅದೇ ನಡೆಯಿತು. ಅಪ್ಪ ಅನ್ನವನ್ನು ಔಷಧದಂತೆ ನುಂಗಿ ಏಳುತ್ತಿದ್ದ. ಹುಡುಗಿ ಕೊಟ್ಟಷ್ಟು ಉಂಡು ಸಾಕೆನ್ನುತ್ತಿದ್ದಳು. ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕುಡಿಸುವುದಿಲ್ಲ, ಆದರೆ ನೆಂಟರ ಮನೆಯಲ್ಲಿ ಅಳುವವರು ಯಾರು? ಅವಳನ್ನು ಬಸ್ಸು ಹತ್ತಿಸಿ ಬಂದ ಅವ್ವಿ, ಹುಡುಗಿ ಸೊರಗಿ ಹೋದಳು ಎಂದು ಹಲುಬಿದಳು.

ಮರುವಾರ ನಾನು ಕುಮಟೆಗೆ, ಅವಳ ಮನೆಗೇ ಹೋದೆ. ಅಲ್ಲಿ ದಿನವೂ ಬಸಳೆ, ಹರಿವೆ, ಬದನೆಕಾಯಿ. ಇವರು ತಿನ್ನದವರೇ ಸರಿ, ಅವ್ವಿ ಮಾಡಿದ್ದೇ ಒಳ್ಳೆಯದಾಯಿತು ಎಂದು ನಾನು ಸಮಾಧಾನಪಟ್ಟುಕೊಂಡೆ. ಹೊರಡುವ ದಿನ ಬೆಳಿಗ್ಗೆ ನಾನು ಬಾವಿಯಿಂದ ಕೊಡ ಹೊತ್ತು ಬರುವಾಗ ಹಿತ್ತಿಲಲ್ಲಿ ಅವಳ ಅಜ್ಜಿ ಸೊಸೆಯ ಮೇಲೆ ರೇಗುತ್ತಿದ್ದಳು.

"ಆ ಹೊನ್ನಾವರದ ಹುಡುಗಿ ಯಾವಾಗ ಹೋಗ್ತದ್ಯೇ? ಮೀನಿಲ್ದೆ ನನ್ನ ಬಾಯಿ ಸತ್ತೋಯ್ತು."

ಕೊಡ ಕೆಳಗಿಟ್ಟು ನಾನು ನಕ್ಕ ನಗೆಗೆ ಮನೆಯವರೆಲ್ಲ ಹೊರಗೆ ಬಂದರು. ಹೊನ್ನಾವರದ ಮನೆಯಲ್ಲಿ ಮೀನಿನ ಸುಳಿವೇ ಇಲ್ಲ, ಭಾರೀ ಮಡಿವಂತರು ಎಂದು ಹುಡುಗಿ ತಾಯಿಗೆ ಹೇಳಿದ್ದಳಂತೆ. ಮಧ್ಯಾಹ್ನ ನನಗೆ ಸಿಗಡಿ ತರಿಸಿ ಶೆಟ್ಲಿ ಸುಕ್ಕ ಮಾಡಿ ಬಡಿಸಿದರು. ಬರುವ ವರ್ಷ ನಿಮ್ಮ ಅವ್ವಿಯ ಬಂಗಡೆ ಉಣ್ಣಲು ಖಂಡಿತ ಬರುತ್ತೇನೆ ಎಂದು ಅವಳು ನನ್ನ ಕೈ ಹಿಡಿದು ಹೇಳಿದಳು.

ಅವ್ವಿಗೆ ಹೇಳಿದೆ. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅವ್ವಿ ನಗಲಿಲ್ಲ. ಒಂದು ಮಾತು ಕೇಳಿದ್ದರೆ ಮಗು ಹೊಟ್ಟೆ ತುಂಬ ಉಣ್ಣುತ್ತಿತ್ತಲ್ಲ ಎಂದಳು. ಬರುವ ವರ್ಷ ಬರಲಿ ಎಂದು ತನಗೆ ತಾನೇ ಹೇಳಿಕೊಂಡಳು.

ಬರುವ ವರ್ಷ ಬರಲಿಲ್ಲ. ಹೆಡ್‌ಮಾಸ್ತರರಿಗೆ ವರ್ಗವಾಯಿತು. ಹೊಸಬರಿಗೆ ಮಕ್ಕಳ ಚುನಾವಣೆ ಎಂದರೆ ಆಗದು; ಮಂತ್ರಿಮಂಡಳ ಹೋಯಿತು, ಅದರ ಜೊತೆಗೆ ಕುಮಟೆಯ ಓಡಾಟವೂ ಹೋಯಿತು. ಹಂಗಾಮಿನ ಮೊದಲ ಬಂಗಡೆ ಬಂದಾಗಲೆಲ್ಲ ಅವ್ವಿ ಆ ಹುಡುಗಿಯ ಸುದ್ದಿ ಕೇಳುತ್ತಿದ್ದಳು. ನನ್ನ ಬಳಿ ಸುದ್ದಿಯಿರುತ್ತಿರಲಿಲ್ಲ. ಕುಮಟೆಗೆ ಬಸ್ಸು ಹತ್ತಿದರೆ ಒಂದು ತಾಸಿನ ದಾರಿ, ನಾನು ಹತ್ತಲಿಲ್ಲ.

ಕೆಲವು ವರ್ಷಗಳಾದ ಮೇಲೆ, ಭಟ್ಕಳಕ್ಕೆ ವರ್ಗವಾದ ಗಂಡನ ಜೊತೆ ತಾರಿ ದಾಟಲು ಬರುತ್ತಿದ್ದೇನೆ, ಮನೆಗೆ ಬಂದೇ ಹೋಗುತ್ತೇನೆ ಎಂದು ಆ ಹುಡುಗಿಯೇ ಬಸ್ಸಿನ ಕಂಡಕ್ಟರನ ಕೈಲಿ ಹೇಳಿಕಳಿಸಿದಳು. ಅವ್ವಿ ಬೆಳಗಾಗುವ ಮೊದಲೇ ಬಂದರಿಗೆ ಹೋಗಿ, ಆರಿಸಿ ಬಂಗಡೆ ತಂದು, ದೊಡ್ಡ ಮಡಕೆಯಲ್ಲಿ ಸಾರು ಇಟ್ಟಳು. ಗಂಡಹೆಂಡತಿ ಜಗಲಿ ಹತ್ತಿದರು. ಈ ಸಲ ಅವ್ವಿ ನೀರು ಬೆಲ್ಲ ಕೊಡುವ ಮೊದಲೇ ಕೇಳಿಬಿಟ್ಟಳು.

"ಮೀನು ತಿಂತ್ಯಲೇ, ಮಗಾ?"

ಹುಡುಗಿ ಗಂಡನ ಮುಖ ನೋಡಿದಳು.

"ಮದುವೆ ಆದಮೇಲೆ ಬಿಟ್ಟೆ, ಅವ್ವಿ. ಇವರ ಮನೇಲಿ ನಡೀದಿಲ್ಲ."

ಅವರದು ಜಾತಿ ಕೇಳದೆ ಆದ ಮದುವೆಯಂತೆ. ನಿನ್ನ ಠರಾವನ್ನು ನಾನೊಬ್ಬಳಾದರೂ ಪಾಲಿಸಿದೆ ನೋಡು ಎಂದು ನನ್ನ ಕಡೆ ತಿರುಗಿ ಮೊದಲಿನಂತೆಯೇ ನಕ್ಕಳು. ಮಾಜಿ ಮಂತ್ರಿಯಾದ ನಾನು ಹಿಗ್ಗಬೇಕಿತ್ತು. ಹಿಗ್ಗಲು ಆಗಲಿಲ್ಲ, ಅವ್ವಿ ಒಳಗೆ ಹೋದದ್ದನ್ನೇ ನೋಡುತ್ತ ನಿಂತೆ.

ಅವ್ವಿ ಬಿಸಿ ಮಡಕೆಯನ್ನು ಸೆರಗಿನಲ್ಲಿ ಹಿಡಿದುಕೊಂಡು ಹಿಂಬಾಗಿಲಿನಿಂದ ಪಕ್ಕದ ಮನೆಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಒಂದು ಸೌತೆಕಾಯಿ ಇತ್ತು.